ಗಡ್ಡಿಯಿಂದ ಹನುಮನಹಳ್ಳಿಗೆ

ಹಂಪಿಗೆ ಬರುತ್ತಿದ್ದ ಬ್ಯಾಕ್‌ಪ್ಯಾಕರ್‌ಗಳಿಗೆ ಎಷ್ಟೋ ವರ್ಷ ವಿರೂಪಾಪುರ ಗಡ್ಡಿಯೇ ಠಿಕಾಣಿ. ವಿರೂಪಾಕ್ಷ ಗುಡಿಯಿಂದ ತುಂಗಭದ್ರೆ ದಾಟಿದರೆ ಅಗ್ಗದ ಗುಡಿಸಲು ಕೋಣೆ, ಕಟ್ಟೆಯ ಮುಂದೆ ಉಯ್ಯಾಲೆ, ಹಿಂದೆ ಭತ್ತದ ಗದ್ದೆ. ಗುಡಿ ಕಡೆ ಮಾಂಸ, ಮದ್ಯಕ್ಕೆ ನಿಷೇಧ. ಇಲ್ಲಿ ಊಟಕ್ಕೆ ಆ ಕಟ್ಟಿಲ್ಲ. ಸಂಜೆ ದೋಣಿ ನಿಂತರೆ ಬೆಳಗಿನತನಕ ಆ ದಂಡೆಯೇ ಗತಿ. ಹೊರಗಿನವರು ಅದಕ್ಕೆ 'ಹಿಪ್ಪಿ ಐಲ್ಯಾಂಡ್' ಎಂದು ಹೆಸರಿಟ್ಟರು. ನಮಗದು ಬರೀ ಗಡ್ಡಿ.

ಆದರೆ 1988ರ ಸರ್ಕಾರಿ ಅಧಿಸೂಚನೆಯ ಪ್ರಕಾರ ಆ ನೆಲ ಸಂರಕ್ಷಿತ ಪ್ರದೇಶ. 2015ರಲ್ಲಿ ಹೈಕೋರ್ಟ್, 2020ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ಕಟ್ಟಡಗಳ ವಿರುದ್ಧ ತೀರ್ಪು ಕೊಟ್ಟವು. ಮಾರ್ಚ್‌ನಲ್ಲಿ ಜೆಸಿಬಿ ಬಂತು, ಅದೇ ತಿಂಗಳು ಲಾಕ್‌ಡೌನ್. ಪ್ರವಾಸಿಗರೇನೋ ಊರಿಗೆ ಹೋದರು. ಅಡುಗೆ ಮಾಡುತ್ತಿದ್ದವರು, ಬಟ್ಟೆ ಒಗೆಯುತ್ತಿದ್ದವರು, ಬೈಕ್ ಬಾಡಿಗೆಗೆ ಕೊಡುತ್ತಿದ್ದವರು ಎಲ್ಲಿಗೆ ಹೋಗಬೇಕು? ತೀರ್ಪಿನ ಸುದ್ದಿಯಲ್ಲಿ ಅವರಿಗೆ ಜಾಗ ಸಿಕ್ಕಿದ್ದು ಕಡಿಮೆ.

ಲಾಕ್‌ಡೌನ್ ಮುಗಿದ ಮೇಲೆ ಬ್ಯಾಕ್‌ಪ್ಯಾಕರ್‌ಗಳು ಸಾಣಾಪುರ, ಹನುಮನಹಳ್ಳಿ ಕಡೆ ತಿರುಗಿದರು. ಹಾಸ್ಟೆಲ್, ಹೋಮ್‌ಸ್ಟೇ ಬೋರ್ಡುಗಳು ಬಂದವು. ಇಲ್ಲಿ ಇನ್ನೊಂದು ಬಗೆಯ ಅತಿಥಿಯೂ ಇದ್ದಾರೆ: ಅಂಜನಾದ್ರಿಯ 575 ಮೆಟ್ಟಿಲು ಹತ್ತಲು ಬರುವ ಭಕ್ತರು. ಅವರಿಗೆ ನಸುಕಿನಲ್ಲೇ ಬಿಸಿನೀರು ಬೇಕು. ಪಕ್ಕದ ಮಂಚದವರಿಗೆ ಅದು ನಿದ್ದೆಯ ಹೊತ್ತು. ಗಡ್ಡಿಯಲ್ಲಿ ಈ ಜಗಳಕ್ಕೆ ಆಸ್ಪದವೇ ಇರಲಿಲ್ಲ.

ಹಂಪಿ ಪ್ರಾಧಿಕಾರದ ಗಡಿ ನದಿಯ ಈ ದಂಡೆಗೂ ಚಾಚಿದೆ. ಹಾಗಾಗಿ ಅಡ್ವಾನ್ಸ್ ಕೊಡುವ ಮೊದಲು ಬಾಡಿಗೆಯ ಜೊತೆಗೆ ಪರವಾನಗಿಯನ್ನೂ ಕೇಳಿ.