ತಾಳದವನು ನಡೆಸಿದ ಮೇಳ

ನಮ್ಮ ಸಂಗೀತ ಕಚೇರಿಗಳಲ್ಲಿ ಹಾಡುವವರು ನಡುವೆ ಕುಳಿತುಕೊಳ್ಳುತ್ತಾರೆ. ಪಿಟೀಲಿನವರು ಎಡಕ್ಕೆ, ಮೃದಂಗದವರು ಬಲಕ್ಕೆ. ತನಿ ಆವರ್ತನದ ಹೊತ್ತು ಬರುವವರೆಗೂ ಮೃದಂಗದವರ ಕೆಲಸ ಹಾಡನ್ನು ಕಾಯುವುದು. ಆ ಸ್ವಲ್ಪ ಹೊತ್ತು ಸಭೆ ಅವರದಾಗುತ್ತದೆ, ಮತ್ತೆ ಪಲ್ಲವಿಗೆ ಬಂದು ನಿಂತೊಡನೆ ಅವರು ಪಕ್ಕವಾದ್ಯದವರೇ. ಪಾಶ್ಚಾತ್ಯರ ಜಾಝ್ ಸಂಗೀತದಲ್ಲಿಯೂ ಏರ್ಪಾಡು ಬಹುಮಟ್ಟಿಗೆ ಹೀಗೆಯೇ. ತುತ್ತೂರಿಯವನೋ ಪಿಯಾನೋದವನೋ ಮುಂದೆ, ಡ್ರಮ್ಮಿನವನು ಹಿಂದೆ. ಹಿಂದೆ ಕುಳಿತವನೇ ಮೇಳವನ್ನು ಕಟ್ಟಿ ನಡೆಸಿದ ನಿದರ್ಶನಗಳೂ ಇಲ್ಲದಿಲ್ಲ. 1930ರ ದಶಕದಲ್ಲಿ ನ್ಯೂಯಾರ್ಕಿನ ಹಾರ್ಲೆಮಿನಲ್ಲಿ ಚಿಕ್ ವೆಬ್ ಎಂಬಾತ ಡ್ರಮ್ಮಿನ ಹಿಂದಿನಿಂದಲೇ ದೊಡ್ಡದೊಂದು ವಾದ್ಯವೃಂದವನ್ನು ಆಳಿದ. ಆರ್ಟ್ ಬ್ಲೇಕಿ 1990ರಲ್ಲಿ ತೀರಿಕೊಳ್ಳುವವರೆಗೂ ತನ್ನ ‘ಜಾಝ್ ಮೆಸೆಂಜರ್ಸ್’ ತಂಡದಲ್ಲಿ ತಲೆಮಾರಿನ ಮೇಲೆ ತಲೆಮಾರು ಯುವಕರನ್ನು ಪಳಗಿಸಿದ. ಇಲ್ಲಿ ಹೇಳಹೊರಟಿರುವುದು ಇವರ ಸಾಲಿಗೆ ಸೇರಬೇಕಾದ, ಆದರೆ ಹೆಸರು ಅಷ್ಟಾಗಿ ಹರಡದ ಒಬ್ಬ ಜರ್ಮನ್ ತಾಳಗಾರನ ಸಂಗತಿ. ಆತನ ದಾರಿ ನಮ್ಮ ಬೆಂಗಳೂರಿನ ತಾಳವಾದ್ಯಗಾರರ ದಾರಿಯನ್ನು ಕೂಡಿತೆಂಬುದು ನಮಗೆ ವಿಶೇಷ.

ಆತನ ಹೆಸರು ಕ್ರಿಸ್ಟಿಯನ್ ಬುರ್ಖಾರ್ಡ್. ಹುಟ್ಟಿದ್ದು 1946ರ ಮೇ 17ರಂದು, ಬವೇರಿಯ ಪ್ರಾಂತದ ಈಶಾನ್ಯ ಮೂಲೆಯ ಹೋಫ್ ಎಂಬ ಊರಿನಲ್ಲಿ. ಯುದ್ಧ ಮುಗಿದು ಒಂದು ವರ್ಷವಷ್ಟೇ ಆಗಿದ್ದ ಕಾಲ. ದೇಶ ಎರಡಾದ ಮೇಲೆ ಹೋಫ್ ಗಡಿಯ ಊರಾಯಿತು. ಒಂದು ಕಡೆ ಪೂರ್ವ ಜರ್ಮನಿ, ಇನ್ನೊಂದು ಕಡೆ ಚೆಕೊಸ್ಲೊವಾಕಿಯ. ಅದೇ ಊರಿನಲ್ಲಿ ಡೀಟರ್ ಸೆರ್ಫಾಸ್ ಎಂಬ ಇನ್ನೊಬ್ಬ ಹುಡುಗನಿದ್ದ. ಬಾಲ್ಯದಿಂದಲೇ ಇಬ್ಬರಿಗೂ ಗೆಳೆತನ, ಮುಂದೆ ಇಬ್ಬರೂ ಡ್ರಮ್ಮಿನವರೇ ಆದರು. ಒಂದು ಮೇಳಕ್ಕೆ ಒಬ್ಬ ಡ್ರಮ್ಮಿನವನು ಸಾಕು ಎನ್ನುವ ಲೋಕದಲ್ಲಿ ಈ ಇಬ್ಬರೂ ಮುಂದೆ ಒಂದೇ ಮೇಳದಲ್ಲಿ ನುಡಿಸಿದರು.

ಬುರ್ಖಾರ್ಡ್ ಡ್ರಮ್ಮಿನೊಡನೆ ವೈಬ್ರಫೋನ್ ಎಂಬ ವಾದ್ಯವನ್ನೂ ಕಲಿತ. ನಮ್ಮ ಜಲತರಂಗದಲ್ಲಿ ಬಟ್ಟಲುಗಳಿರುವಂತೆ ಇದರಲ್ಲಿ ಲೋಹದ ಪಟ್ಟಿಗಳ ಸಾಲು. ಅವುಗಳ ಕೆಳಗೆ ಕೊಳವೆಗಳು. ಪ್ರತಿ ಕೊಳವೆಯ ಬಾಯಲ್ಲಿ ಮೋಟಾರಿನಿಂದ ತಿರುಗುವ ಬಿಲ್ಲೆಯೊಂದು ನಾದಕ್ಕೆ ಅಲೆಯಾಡುವ ಗುಣವನ್ನು ಕೊಡುತ್ತದೆ. ಬಡಿಯುವ ಕೈಗೇ ರಾಗವೂ ಒದಗುವ ವಾದ್ಯ ಇದು. ಮುಂದೆ ಆತ ಸಂತೂರನ್ನು ಕೈಗೆ ತೆಗೆದುಕೊಂಡದ್ದಕ್ಕೂ ಇದೇ ಕಾರಣವಿದ್ದೀತು.

ಆತನಿಗೆ ಹಿರಿಯನಂತೆ ಒದಗಿದವನು ಮ್ಯಾಲ್ ವಾಲ್ಡ್ರನ್, ಅಮೆರಿಕದ ಪಿಯಾನೋ ವಾದಕ. ಸುಪ್ರಸಿದ್ಧ ಗಾಯಕಿ ಬಿಲ್ಲಿ ಹಾಲಿಡೇಯ ಕೊನೆಯ ವರ್ಷಗಳಲ್ಲಿ ಆಕೆಗೆ ಪಿಯಾನೋ ನುಡಿಸಿದವನು ಈತನೇ. 1960ರ ದಶಕದಲ್ಲಿ ವಾಲ್ಡ್ರನ್ ಯುರೋಪಿಗೆ ಬಂದು ಮ್ಯೂನಿಕ್ ನಗರದಲ್ಲಿ ನೆಲೆಸಿದ. ಇಪ್ಪತ್ತರ ಹರೆಯದ ಬುರ್ಖಾರ್ಡ್ ಈ ಹಿರಿಯನೊಡನೆ ನುಡಿಸುತ್ತ ಜಾಝಿನ ನಡೆಯನ್ನು ನೇರವಾಗಿ ಅರಿತುಕೊಂಡ.

ಇಲ್ಲಿ ಆ ನಡೆಯ ವಿಷಯವಾಗಿ ಎರಡು ಮಾತು ಹೇಳಬೇಕು. ಹಳೆಯ ಜಾಝಿನಲ್ಲಿ ಡ್ರಮ್ಮಿನವನು ಕಾಲಿನಿಂದ ದೊಡ್ಡ ಡ್ರಮ್ಮನ್ನು ಒದೆಯುತ್ತ ಎಣಿಕೆಯನ್ನು ಕಾಯುತ್ತಿದ್ದ. 1940ರ ದಶಕದಲ್ಲಿ ಕೆನ್ನಿ ಕ್ಲಾರ್ಕ್ ಎಂಬಾತ ಆ ಕೆಲಸವನ್ನು ಬಲಗೈ ಹತ್ತಿರದ ತೂಗುತಾಳಕ್ಕೆ, ಎಂದರೆ ಕಂಬಕ್ಕೆ ಸಿಕ್ಕಿಸಿದ ಕಂಚಿನ ತಟ್ಟೆಗೆ, ವರ್ಗಾಯಿಸಿದ. ಕಾಲೂ ಎಡಗೈಯೂ ಬಿಡುವಾದವು. ಬೇಕೆಂದಲ್ಲಿ ಏಟು ಹಾಕಿ ಜೊತೆಯವನ ಮನೋಧರ್ಮಕ್ಕೆ ಉತ್ತರ ಕೊಡಲು ಡ್ರಮ್ಮಿನವನಿಗೆ ಸಾಧ್ಯವಾಯಿತು. ಅನಂತರ ಬಂದ ರಾಕ್ ಸಂಗೀತದಲ್ಲಿ ನಾಲ್ಕೆಣಿಕೆಯ ಎರಡನೆಯ ಮತ್ತು ನಾಲ್ಕನೆಯ ಏಟುಗಳು ಗಟ್ಟಿಯಾಗಿ ಬೀಳಬೇಕು. ಅಲ್ಲಿ ಬಿಡುವಿಗಿಂತ ಬಿಗಿ ಹೆಚ್ಚು. 1960ರ ದಶಕದ ಕೊನೆಯಲ್ಲಿ ಈ ಬಿಡುವನ್ನೂ ಬಿಗಿಯನ್ನೂ ಕೂಡಿಸುವ ಪ್ರಯತ್ನ ನಡೆಯಿತು. ಅದಕ್ಕೇ ಫ್ಯೂಷನ್ ಎಂದು ಹೆಸರು ಬಿತ್ತು. 1969ರಲ್ಲಿ ಅಮೆರಿಕದಲ್ಲಿ ಟೋನಿ ವಿಲಿಯಮ್ಸ್ ಎಂಬ ಇಪ್ಪತ್ತಮೂರರ ಡ್ರಮ್ಮಿನವನು ‘ಲೈಫ್‌ಟೈಮ್’ ಎಂಬ ತನ್ನದೇ ತಂಡವನ್ನು ಕಟ್ಟಿದ. ಅದೇ 1969ರಲ್ಲಿ ಮ್ಯೂನಿಕ್‌ನಲ್ಲಿ ಬುರ್ಖಾರ್ಡ್, ಎಡ್ಗರ್ ಹಾಫ್‌ಮನ್ ಎಂಬ ಸ್ಯಾಕ್ಸೊಫೋನ್ ವಾದಕನೊಡನೆ ಸೇರಿ, ‘ಎಂಬ್ರಿಯೋ’ ಎಂಬ ಮೇಳವನ್ನು ಆರಂಭಿಸಿದ. ಎಂಬ್ರಿಯೋ ಎಂದರೆ ಭ್ರೂಣ. ಇನ್ನೂ ರೂಪುಗೊಳ್ಳುತ್ತಿರುವುದು ಎಂಬ ಅರ್ಥದ ಈ ಹೆಸರನ್ನು ಮೇಳ ಐವತ್ತು ವರ್ಷಗಳಾದ ಮೇಲೂ ಬದಲಾಯಿಸಲಿಲ್ಲ.

ಮೊದಲ ಧ್ವನಿಮುದ್ರಿಕೆ ‘ಓಪಲ್’ 1970ರಲ್ಲಿ ಬಂದಿತು. 1973ರಲ್ಲಿ ಹೊರಬಂದ ‘ಸ್ಟೈಗ್ ಔಸ್’ ಮತ್ತು ‘ರಾಕ್‌ಸೆಷನ್’ ತಟ್ಟೆಗಳಲ್ಲಿ ಹಿರಿಯ ವಾಲ್ಡ್ರನ್ನನೇ ಬಂದು ಶಿಷ್ಯನಂತಿದ್ದವನ ಮೇಳದಲ್ಲಿ ನುಡಿಸಿದ. ಗಿಟಾರಿನ ರೋಮನ್ ಬುಂಕಾ ಸೇರಿಕೊಂಡ. ಬಂದವರು ಸಂಬಳದ ಕರಾರು ಬರೆದುಕೊಂಡು ಬಂದವರಲ್ಲ. ನುಡಿಸುವ ಇಷ್ಟದಿಂದ ಬರುತ್ತಿದ್ದರು, ಬೇರೆ ಕೆಲಸ ಬಂದಾಗ ಹೋಗುತ್ತಿದ್ದರು, ಮತ್ತೆ ಬರುತ್ತಿದ್ದರು. ಒಟ್ಟಿನಲ್ಲಿ 400ಕ್ಕೂ ಹೆಚ್ಚು ವಾದಕರು ಈ ಮೇಳದೊಡನೆ ನುಡಿಸಿದ್ದಾರೆಂದು ಲೆಕ್ಕ ಹೇಳುತ್ತಾರೆ. ಹೀಗೆ ಹೊಳೆಯಂತೆ ಹರಿದುಹೋಗುವ ಗುಂಪಿಗೆ ದಡವಾಗಿ ನಿಂತದ್ದು ಬುರ್ಖಾರ್ಡನ ತಾಳ.

ಸ್ನೇಹದಿಂದ ಕಟ್ಟಿದ ಮೇಳಕ್ಕೆ ಹೊಟ್ಟೆಯ ಪ್ರಶ್ನೆ ಬೇರೆಯವರಿಗಿಂತ ಹೆಚ್ಚು ಕಠಿಣ. ಹಾಡು ಮೂರು ನಿಮಿಷದಲ್ಲಿ ಮುಗಿಯಬೇಕು, ಮಾರಾಟವಾಗಬೇಕು ಎಂಬುದು ಮುದ್ರಿಕೆಯ ವ್ಯಾಪಾರದ ಲೆಕ್ಕ. ಇವರ ವಾದನವೋ ತಟ್ಟೆಯ ಒಂದು ಮಗ್ಗುಲನ್ನೇ ತುಂಬುವಂಥದು. 1976ರಲ್ಲಿ ಎಂಬ್ರಿಯೋ ಮತ್ತು ಅದರ ಸ್ನೇಹದ ಕೆಲವು ಮೇಳಗಳು ಸೇರಿ ತಮ್ಮದೇ ಮುದ್ರಣಸಂಸ್ಥೆಯನ್ನು ತೆರೆದವು. ಅದಕ್ಕೆ ಮೊದಲು ಇಟ್ಟ ಹೆಸರು ‘ಏಪ್ರಿಲ್’. ಆ ಹೆಸರಿಗೆ ದೊಡ್ಡ ಕಂಪೆನಿಯೊಂದರಿಂದ ಆಕ್ಷೇಪಣೆ ಬರಲು, ‘ಶ್ನೇಬಾಲ್’ ಎಂದು ಬದಲಾಯಿಸಿಕೊಂಡರು. ಶ್ನೇಬಾಲ್ ಎಂದರೆ ಹಿಮದ ಉಂಡೆ, ಉರುಳಿದಷ್ಟೂ ದಪ್ಪವಾಗುವಂಥದು. ಕೈಗಾರಿಕೆಯಲ್ಲಿ ಸಹಕಾರ ಸಂಘವೆಂದು ನಾವು ಕರೆಯುವುದನ್ನೇ ಇವರು ಸಂಗೀತದಲ್ಲಿ ಮಾಡಿ ನೋಡಿದರು. ಲಾಭ ದೊಡ್ಡದಾಗಿ ಬಂದೀತೆಂದು ಮಾಡಿದ ಕೆಲಸವಲ್ಲ ಇದು. ಏನನ್ನು ನುಡಿಸಬೇಕು, ಎಷ್ಟು ಹೊತ್ತು ನುಡಿಸಬೇಕು ಎಂಬ ತೀರ್ಮಾನ ಮಾತ್ರ ನುಡಿಸುವವರ ಕೈಯಲ್ಲಿ ಉಳಿಯಿತು.

ಈ ಗೆಳೆಯರ ಬಳಗಕ್ಕೆ ದಕ್ಷಿಣ ಭಾರತದ ಗಾಳಿ ಬಂದದ್ದು ಚಾರ್ಲಿ ಮರಿಯಾನೋ ಎಂಬಾತನ ಮೂಲಕ. 1923ರಲ್ಲಿ ಅಮೆರಿಕದ ಬಾಸ್ಟನ್ ನಗರದಲ್ಲಿ ಹುಟ್ಟಿದ ಈ ಸ್ಯಾಕ್ಸೊಫೋನ್ ವಾದಕ 1960ರ ದಶಕದಲ್ಲಿ ಮಲೇಷಿಯಾ ರೇಡಿಯೋದ ವಾದ್ಯವೃಂದಕ್ಕೆ ಮಾರ್ಗದರ್ಶನ ಮಾಡಲು ಹೋಗಿದ್ದ. ಅಲ್ಲಿನ ತಮಿಳರ ನಡುವೆ ಮೊಳಗುತ್ತಿದ್ದ ನಾಗಸ್ವರ ಅವನ ಮನಸ್ಸನ್ನು ಹಿಡಿದುಬಿಟ್ಟಿತು. ಆಮೇಲೆ ದಕ್ಷಿಣ ಭಾರತಕ್ಕೇ ಬಂದು ಅದನ್ನು ಅಭ್ಯಾಸಮಾಡಿದ. 1973ರ ‘ವಿ ಕೀಪ್ ಆನ್’ ಎಂಬ ಎಂಬ್ರಿಯೋ ಮುದ್ರಿಕೆಯಲ್ಲಿ ಈತ ಸ್ಯಾಕ್ಸೊಫೋನಿನ ಜೊತೆಗೆ ನಾಗಸ್ವರವನ್ನೂ ನುಡಿಸಿದ್ದಾನೆ. ಜರ್ಮನಿಯ ಡ್ರಮ್ಮಿನ ಮೇಲೆ ನಮ್ಮ ದೇವಸ್ಥಾನದ ವಾದ್ಯ ಮೊಳಗುವುದನ್ನು ಕೇಳಿದರೆ ಮೊದಲಿಗೆ ಆಶ್ಚರ್ಯವಾಗುವುದು ಸಹಜ.

ಬುರ್ಖಾರ್ಡನಿಗೆ ಮುದ್ರಿಕೆಯ ಮೂಲಕ ಕೇಳಿದ್ದು ಸಾಕೆನಿಸಲಿಲ್ಲ. 1978ರಲ್ಲಿ ಮೇಳದವರು ಬಸ್ಸಿನಲ್ಲಿ ವಾದ್ಯಗಳನ್ನೂ ಸಂಸಾರದ ಸಾಮಾನನ್ನೂ ಹೇರಿಕೊಂಡು ನೆಲದ ಮಾರ್ಗದಿಂದಲೇ ಭಾರತಕ್ಕೆ ಹೊರಟರು. ತುರ್ಕಿ, ಇರಾನ್, ಆಫ್ಘಾನಿಸ್ತಾನ, ಪಾಕಿಸ್ತಾನ, ಅನಂತರ ಭಾರತ. ದಾರಿಯುದ್ದಕ್ಕೂ ಅಲ್ಲಲ್ಲಿಯ ವಾದಕರೊಡನೆ ಕುಳಿತು ನುಡಿಸುವುದು, ಅದನ್ನು ಟೇಪಿನಲ್ಲಿ ಹಿಡಿಯುವುದು. ವೆರ್ನರ್ ಪೆಂಟ್ಸೆಲ್ ಎಂಬ ನಿರ್ದೇಶಕ ಪ್ರಯಾಣವನ್ನು ಚಿತ್ರೀಕರಿಸಿದ. ಅದು 1980ರಲ್ಲಿ ‘ಅಲೆಮಾರಿಗಳ ಕಾರವಾನ್’ ಎಂಬ ಅರ್ಥದ ಹೆಸರಿನಲ್ಲಿ ತೆರೆಗೆ ಬಂದಿತು. ಸಂಗೀತ ‘ಎಂಬ್ರಿಯೋಸ್ ರೈಸೆ’, ಎಂದರೆ ಎಂಬ್ರಿಯೋದ ಪ್ರಯಾಣ, ಎಂಬ ಜೋಡಿ ತಟ್ಟೆಯಾಗಿ 1979ರಲ್ಲಿ ಬಂದಿತು.

ಈ ಪ್ರಯಾಣದ ಬೆಲೆ ತಿಳಿಯಬೇಕಾದರೆ ಇಸವಿಗಳನ್ನು ಒಮ್ಮೆ ನೋಡಬೇಕು. ಇವರು ಹೊರಟ ವರ್ಷ ಇರಾನಿನಲ್ಲಿ ದಂಗೆಯೆದ್ದಿತ್ತು. 1979ರ ಜನವರಿಯಲ್ಲಿ ಅಲ್ಲಿನ ದೊರೆ ದೇಶ ಬಿಟ್ಟ. ಆಫ್ಘಾನಿಸ್ತಾನದಲ್ಲಿ 1978ರ ಏಪ್ರಿಲ್‌ನಲ್ಲಿಯೇ ಸರ್ಕಾರ ಉರುಳಿತ್ತು. 1979ರ ಡಿಸೆಂಬರಿನಲ್ಲಿ ಸೋವಿಯತ್ ಸೈನ್ಯ ಒಳನುಗ್ಗಿತು. ಯುರೋಪಿನ ಯುವಕರು ಇಪ್ಪತ್ತು ವರ್ಷ ಓಡಾಡಿದ್ದ ಆ ರಸ್ತೆ ಮುಚ್ಚಿಹೋಯಿತು. ಕಾಬೂಲಿನ ವಾದಕರೊಡನೆ ಇವರು ನುಡಿಸಿ ಹಿಡಿದಿಟ್ಟ ಸಂಗೀತ, ಬಾಗಿಲು ಮುಚ್ಚುವ ಮುನ್ನ ಒಳಗಿನಿಂದ ಕೇಳಿಬಂದ ದನಿಯಂತೆ ಉಳಿದಿದೆ. 1996ರ ಅನಂತರ ತಾಲಿಬಾನರ ಆಡಳಿತದಲ್ಲಿ ಅದೇ ನಗರದಲ್ಲಿ ವಾದ್ಯ ನುಡಿಸುವುದೇ ಅಪರಾಧವಾಯಿತೆಂಬುದನ್ನು ನೆನೆದರೆ ಗೆಳೆಯರ ಆ ಬಸ್ಸು ಮಾಡಿದ ಕೆಲಸ ಸಣ್ಣದೆನಿಸುವುದಿಲ್ಲ.

ಭಾರತದಲ್ಲಿ ಇವರಿಗೆ ದೊರೆತ ಸ್ನೇಹಗಳಲ್ಲಿ ಬಹುಕಾಲ ಬಾಳಿದ್ದು ಬೆಂಗಳೂರಿನದು. ಮೃದಂಗ ವಿದ್ವಾಂಸರಾದ ಟಿ. ಎ. ಎಸ್. ಮಣಿಯವರು 1964ರಲ್ಲಿ ಸ್ಥಾಪಿಸಿದ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ಎಂಬ ತಾಳವಾದ್ಯ ಶಾಲೆಯನ್ನು ಸಂಗೀತಪ್ರಿಯರು ಬಲ್ಲರು. ಮೃದಂಗ, ಘಟ, ಖಂಜಿರ, ಮೋರ್ಸಿಂಗ್, ಕೊನ್ನಕ್ಕೋಲುಗಳ ತಾಳವಾದ್ಯ ಕಚೇರಿಗೆ ಅದು ಹೆಸರಾಯಿತು. ಮಣಿಯವರ ಪತ್ನಿ, ಗಾಯಕಿ ಆರ್. ಎ. ರಮಾಮಣಿಯವರು ಆ ತಂಡದ ಕಂಠ. ಇಲ್ಲಿಯೂ ತಾಳದವರೇ ಮುಂದಾಳು ಎಂಬುದನ್ನು ಗಮನಿಸಬೇಕು. ಬುರ್ಖಾರ್ಡನ ಮೇಳವೂ ಮಣಿಯವರ ಮೇಳವೂ ಕೂಡಿ ನುಡಿಸಿದವು. ಈ ಶಾಲೆಯಲ್ಲಿ ಕಲಿತು ಮುಂದೆ ಜರ್ಮನಿಯಲ್ಲಿ ನೆಲೆಸಿದ ರಮೇಶ್ ಶೋಥಮ್ ಅವರು ಎಂಬ್ರಿಯೋದೊಡನೆ ಹಲವು ಬಾರಿ ನುಡಿಸಿದ್ದಾರೆ.

ಈ ಕೂಟದಲ್ಲಿ ಏನು ಕೂಡಿತು? ಫ್ಯೂಷನ್ ಎಂದರೆ ಹುಳಿ ಮಜ್ಜಿಗೆ ಎರಡನ್ನೂ ಒಂದೇ ಪಾತ್ರೆಗೆ ಸುರಿದಂತೆ ಎಂದು ಆಕ್ಷೇಪಿಸುವವರಿದ್ದಾರೆ. ಆ ಆಕ್ಷೇಪಣೆ ಎಷ್ಟೋ ಬಾರಿ ನ್ಯಾಯವಾದದ್ದೂ ಹೌದು. ಆದರೆ ತಾಳದವರು ಒಬ್ಬರನ್ನೊಬ್ಬರು ಎದುರುಗೊಳ್ಳುವುದು ಲೆಕ್ಕದ ಮೂಲಕ. ತಕಿಟ ಮೂರು, ತಕಧಿಮಿ ನಾಲ್ಕು. ಕೂಡಿದರೆ ಮಿಶ್ರದ ಏಳು. ತುರ್ಕಿಯ ಜನಪದ ಕುಣಿತದಲ್ಲಿ ಎರಡು, ಎರಡು, ಎರಡು, ಮೂರು ಎಂದು ಒಂಬತ್ತನ್ನು ಮುರಿಯುತ್ತಾರೆ. ನಮ್ಮಲ್ಲಿ ಒಂಬತ್ತು ಸಂಕೀರ್ಣ. ನಾಲ್ಕರ ಬಿಗಿಯಲ್ಲಿ ಬೆಳೆದ ರಾಕ್ ಡ್ರಮ್ಮಿನವನಿಗೆ ಈ ಏಳು, ಒಂಬತ್ತುಗಳು ಹೊಸ ನೆಲ. ಅಲ್ಲಿ ಕಾಲೂರಬೇಕಾದರೆ ಕೇಳಿಸಿಕೊಂಡರೆ ಸಾಲದು, ಬಾಯಲ್ಲಿ ಹೇಳಿ, ಕೈಯಲ್ಲಿ ಹಾಕಿ ಕಲಿಯಬೇಕು. ಅತಿಥಿಯಾಗಿ ಬಂದವನು ಮೊದಲು ಆ ಮನೆಯ ಎಣಿಕೆಯನ್ನು ಕಲಿತಲ್ಲಿ ಕೂಟ ಮೇಳವಾಯಿತು. ಕಲಿಯದಲ್ಲಿ ಬರಿಯ ಸದ್ದಾಯಿತು.

ಮರಿಯಾನೋ ಕೂಡ ಈ ಬೆಂಗಳೂರಿನ ತಂಡದೊಡನೆ 1983ರಲ್ಲಿ ‘ಜ್ಯೋತಿ’ ಎಂಬ ಮುದ್ರಿಕೆಯನ್ನು ಮಾಡಿದ. ಅದನ್ನು ಹೊರತಂದದ್ದು ಮ್ಯೂನಿಕ್‌ನ ಇ.ಸಿ.ಎಂ. ಸಂಸ್ಥೆ. ಈ ಸಂಸ್ಥೆಯೂ ಎಂಬ್ರಿಯೋ ಹುಟ್ಟಿದ 1969ರಲ್ಲೇ ಹುಟ್ಟಿತು. ಅದರ ಮೊದಲ ತಟ್ಟೆ ನಾವು ಮೇಲೆ ಕಂಡ ಮ್ಯಾಲ್ ವಾಲ್ಡ್ರನ್ನನದು.

ಗೆಳೆಯರ ಮೇಳವೆಂದ ಮೇಲೆ ಅಗಲಿಕೆಯೂ ಇರುತ್ತದೆ. ಪ್ರಯಾಣ ಮುಗಿದು ಬಂದ ಮೇಲೆ, 1981ರಲ್ಲಿ, ಊವೆ ಮ್ಯೂಲ್ರಿಶ್ ಮೊದಲಾದ ಮುಖ್ಯ ವಾದಕರು ಬೇರೆಯಾಗಿ ‘ಡಿಸಿಡೆಂಟನ್’ ಎಂಬ ತಂಡವನ್ನು ಕಟ್ಟಿಕೊಂಡರು. ಆ ಹೆಸರಿನ ಅರ್ಥವೇ ಭಿನ್ನಮತದವರು. ಅವರ ಮೊದಲ ಮುದ್ರಿಕೆ, 1982ರ ‘ಜರ್ಮನಿಸ್ತಾನ್’, ಬೆಂಗಳೂರಿನ ಅದೇ ತಾಳವಾದ್ಯ ತಂಡದೊಡನೆ ಆದದ್ದು. ಮನೆ ಎರಡಾದರೂ ನೆಂಟಸ್ತಿಕೆ ಒಂದೇ ಕಡೆ ಉಳಿಯಿತು. ಹೊಸ ತಂಡ ಕುಣಿಸುವ ಹಾಡುಗಳಿಂದ ಬೇಗ ಹೆಸರು ಗಳಿಸಿತು. ಬುರ್ಖಾರ್ಡ್ ತನ್ನ ಉದ್ದನೆಯ ದಾರಿಯಲ್ಲಿಯೇ ಉಳಿದ. 1985ರಲ್ಲಿ ನೈಜೀರಿಯದ ಯೊರುಬ ಜನರ ಡುಂಡುನ್ ವಾದಕರೊಡನೆ ಮುದ್ರಿಕೆ ಬಂದಿತು. ಡುಂಡುನ್ ಎಂದರೆ ಹಗ್ಗವನ್ನು ಅದುಮಿ ಮಾತಿನ ಏರಿಳಿತವನ್ನೇ ಹೊರಡಿಸುವ ಚರ್ಮವಾದ್ಯ. 1994ರ ಮುದ್ರಿಕೆಗೆ ‘ಇಬ್ನ್ ಬತೂತ’ ಎಂದು ಆ ಹಳೆಯ ಯಾತ್ರಿಕನ ಹೆಸರನ್ನೇ ಇಟ್ಟ. 2008ರಲ್ಲಿ ಜರ್ಮನಿಯ ವಿಶ್ವಸಂಗೀತ ಪ್ರಶಸ್ತಿಯಾದ ‘ರೂತ್’ ಈ ಮೇಳಕ್ಕೆ ಸಂದಿತು. ಆಗ ಮೇಳಕ್ಕೆ ಮೂವತ್ತೊಂಬತ್ತು ವರ್ಷ.

2016ರಲ್ಲಿ ಬುರ್ಖಾರ್ಡನಿಗೆ ಪಾರ್ಶ್ವವಾಯು ಬಡಿಯಿತು. ತಾಳದ ಕೈ ನಿಂತಾಗ ಮೇಳ ಚದುರಿಹೋಗುವುದೇ ಲೋಕರೂಢಿ. ಇಲ್ಲಿ ಹಾಗಾಗಲಿಲ್ಲ. ಬಾಲ್ಯದಿಂದ ಈ ಗೆಳೆಯರ ನಡುವೆಯೇ ಬೆಳೆದ ಮಗಳು ಮಾರ್ಯಾ ಬುರ್ಖಾರ್ಡ್ ಮುಂದಾಳ್ತನವನ್ನು ವಹಿಸಿಕೊಂಡಳು. ಆಕೆಯೂ ತಂದೆಯಂತೆ ವೈಬ್ರಫೋನ್ ಮತ್ತು ಡ್ರಮ್ಮುಗಳನ್ನು ಬಲ್ಲವಳು. 2018ರ ಜನವರಿ 17ರಂದು ಬುರ್ಖಾರ್ಡ್ ಮ್ಯೂನಿಕ್‌ನಲ್ಲಿ ತೀರಿಕೊಂಡ. ಎರಡು ವರ್ಷಗಳ ಮೇಲೆ, 2020ರಲ್ಲಿ, ಬೆಂಗಳೂರಿನಲ್ಲಿ ಮಣಿಯವರೂ ಕಾಲವಾದರು. 2021ರಲ್ಲಿ ಮಗಳ ನಾಯಕತ್ವದಲ್ಲಿ ಎಂಬ್ರಿಯೋದ ‘ಔಫ್ ಔಫ್’ ಎಂಬ ಮುದ್ರಿಕೆ ಹೊರಬಂದಿತು.

ಹಾಡುವವನ ನಾಯಕತ್ವ ಅವನ ಕಂಠದೊಡನೆ ಮುಗಿಯುತ್ತದೆ, ಏಕೆಂದರೆ ಕೇಳುಗರು ಬಂದದ್ದು ಆ ಕಂಠಕ್ಕಾಗಿ. ತಾಳದವನ ನಾಯಕತ್ವದ ರೀತಿ ಬೇರೆ. ಆತ ಕೊಡುವುದು ಎಣಿಕೆಯನ್ನು. ಅದನ್ನು ಜೊತೆಯಲ್ಲಿ ಕುಳಿತವರೆಲ್ಲ ಕಲಿತುಕೊಂಡಿರುತ್ತಾರೆ. ಬುರ್ಖಾರ್ಡ್ ಸುಮಾರು ಐವತ್ತು ವರ್ಷ ನೂರಾರು ಗೆಳೆಯರಿಗೆ ಅದನ್ನು ಹಂಚಿದ. ಅದರಲ್ಲಿ ಒಂದು ಪಾಲು ಬೆಂಗಳೂರಿನಿಂದ ಹೋದದ್ದು ಎಂಬುದನ್ನು ನಾವು ಸಂತೋಷದಿಂದ ನೆನೆಯಬಹುದು.