ಕಡವೆಯ ಕೊಂಬಿನ ಹಿಡಿ

ಬೇಟೆಯ ಚೂರಿಗಳನ್ನು ನಿರ್ಮಿಸುವುದರಲ್ಲಿ ಇಂಗ್ಲೆಂಡಿನ ಷೆಫೀಲ್ಡ್ ನಗರವು ಬಹುಕಾಲದಿಂದ ಪ್ರಸಿದ್ಧವಾದುದು. ಅಲ್ಲಿಯ ಚೂರಿಗಾರರ ಸಂಘವು 1624ರಲ್ಲಿಯೇ ಶಾಸನಬದ್ಧವಾಯಿತು. ಚೂರಿಯ ಹಿಡಿಗೆ ಆ ಕುಶಲಿಗಳು ವಿಶೇಷವಾಗಿ ಮೆಚ್ಚಿದುದು ಭರತಖಂಡದ ಕಡವೆಯ ಕೊಂಬನ್ನು. ನಮ್ಮ ಮಲೆನಾಡಿನಲ್ಲಿಯೂ ಬಂಡೀಪುರ, ನಾಗರಹೊಳೆಯ ಕಾಡುಗಳಲ್ಲಿಯೂ ಸಂಚರಿಸುವ ಮೃಗವೇ ಇದು.

ಹಸುವಿನ ಕೊಂಬಿಗೂ ಕಡವೆಯ ಕೊಂಬಿಗೂ ಸಂಸ್ಕೃತದಲ್ಲಿ ಶೃಂಗವೆಂಬ ಒಂದೇ ಹೆಸರು. ವಸ್ತುತಃ ಇವು ಭಿನ್ನಪದಾರ್ಥಗಳು. ಹಸುವಿನದು ಉಗುರಿನ ಜಾತಿಯ ಕವಚ, ಆಜೀವ ಪರ್ಯಂತ ಇರುವಂಥದು. ಕಡವೆಯದು ಅಸ್ಥಿಯೇ, ಸಾಮಾನ್ಯವಾಗಿ ವರ್ಷಕ್ಕೊಮ್ಮೆ ತಾನಾಗಿಯೇ ಉದುರಿ ಪುನಃ ಚಿಗುರುತ್ತದೆ. ಆದುದರಿಂದ ಹಿಡಿಗಾಗಿ ಮೃಗವನ್ನು ಕೊಲ್ಲಲೇಬೇಕೆಂಬುದಿಲ್ಲ. ಬೇಟೆಯ ಆಯುಧಕ್ಕೆ ಇಂತಹ ನಿರಪರಾಧಿಯಾದ ಅಂಗವು ದೊರೆತುದು ಸೋಜಿಗವೇ ಸರಿ!

ಕಡವೆಯ ಕೊಂಬಿನ ಹೊರಭಾಗವು ದಪ್ಪವೂ ದೃಢವೂ ಆಗಿದ್ದು, ಒಳಗಿನ ಸ್ಪಂಜಿನಂಥ ತಿರುಳು ಅಲ್ಪವಾಗಿರುತ್ತದೆ. ಮೇಲಿನ ಒರಟು ಗೆರೆಗಳು ರಕ್ತದಿಂದಲೋ ಮಳೆಯಿಂದಲೋ ನೆನೆದ ಕೈಯಲ್ಲಿಯೂ ಜಾರಗೊಡುವುದಿಲ್ಲ. ಕುಶಲಿಯು ಕೊಂಬಿನ ತುಂಡಿನ ನಡುವೆ ತೂತನ್ನು ಕೊರೆದು, ಅಲಗಿನ ಹಿಂಬದಿಯ ನೀಳವಾದ ಬಾಲವನ್ನು ಅದರೊಳಕ್ಕೆ ತೂರಿಸಿ, ಸಂದನ್ನು ಕರಗಿದ ರಾಳ ಮೊದಲಾದುವುಗಳಿಂದ ತುಂಬುತ್ತಾನೆ. ಇಲ್ಲವೆ ಕೊಂಬನ್ನು ಸೀಳಿ, ಎರಡು ಹೋಳುಗಳನ್ನು ಅಲಗಿನ ಇಕ್ಕೆಲಗಳಲ್ಲಿಟ್ಟು ಮೊಳೆಗಳಿಂದ ಬಿಗಿಯುತ್ತಾನೆ. ಹೊರಗಿನ ಒರಟನ್ನು ಮಾತ್ರ ಉಜ್ಜಿ ತೆಗೆಯನು. ಹಿಡಿಯ ಗುಣವೆಲ್ಲ ಅದರಲ್ಲಿಯೇ ಅಡಗಿದೆ.

ಅಲಗಿನ ವಿಚಾರದಲ್ಲಿಯೂ ಇಂಗ್ಲೆಂಡಿಗೆ ನಮ್ಮ ದೇಶದ ನಂಟುಂಟು. ಮೈಸೂರು ಸೀಮೆಯಲ್ಲಿ ಕಮ್ಮಾರರು ಕಬ್ಬಿಣವನ್ನು ತಂಗಡಿಯ ಕಡ್ಡಿ, ಹಸಿ ಎಲೆಗಳೊಡನೆ ಮಣ್ಣಿನ ಮೂಸೆಯಲ್ಲಿಟ್ಟು ಉಕ್ಕನ್ನು ಮಾಡುತ್ತಿದ್ದುದನ್ನು 1800–1801ರಲ್ಲಿ ಸಂಚರಿಸಿದ ಬುಕಾನನ್ ವರ್ಣಿಸಿದ್ದಾನೆ. ಅದಕ್ಕೆ ಮೊದಲೇ, 1795ರಲ್ಲಿ, ಪಿಯರ್ಸನ್ ಎಂಬಾತನು ಭರತಖಂಡದ ಉಕ್ಕನ್ನು ಕುರಿತು ಲಂಡನ್ನಿನಲ್ಲಿ ಲೇಖನವನ್ನು ಪ್ರಕಟಿಸಿದ್ದನು. ಅಲ್ಲಿ ಅದರ ಹೆಸರು 'ವೂಟ್ಸ್'. ನಮ್ಮ 'ಉಕ್ಕು' ಶಬ್ದವೇ ಹೀಗೆ ವಿಕಾರಗೊಂಡಿತೆಂಬುದು ಅನೇಕ ವಿದ್ವಾಂಸರ ಮತ. ಸ್ಟೊಡಾರ್ಟ್ ಎಂಬ ಲಂಡನ್ನಿನ ಚೂರಿಗಾರನು ಅದನ್ನು ಬಹಳವಾಗಿ ಮೆಚ್ಚಿ, ಫ್ಯಾರಡೆಯೊಡಗೂಡಿ ಉಕ್ಕಿನ ಪರೀಕ್ಷೆಗಳನ್ನು ನಡೆಸಿದನು. ಆದರೆ ಹೆಚ್ಚು ಕಾಯಿಸಿ ಬಡಿದರೆ ಈ ಉಕ್ಕು ಪುಡಿಯಾಗುವುದು. ಮಿತವಾದ ಕಾವಿನಲ್ಲಿ ತಾಳ್ಮೆಯಿಂದ ಬಡಿಯಬೇಕು. ಇದನ್ನು ಅರಿಯದ ಪಾಶ್ಚಾತ್ಯ ಕಮ್ಮಾರರು ಬಹಳ ತೊಡಕಿಗೆ ಸಿಕ್ಕಿದರು. ಉಕ್ಕು ಹಡಗನ್ನೇರಿತು, ಕೈಯ ಹದವು ಮೂಸೆಯ ಬಳಿಯಲ್ಲಿಯೇ ಉಳಿಯಿತು. ಆ ಮೂಸೆಗಳನ್ನು ಕಾಯ್ದವರಲ್ಲಿ ಒಬ್ಬನ ಹೆಸರಾದರೂ ಆ ಲೇಖನಗಳಿಂದ ಲೋಕಪ್ರಸಿದ್ಧವಾಗಲಿಲ್ಲ.

1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಅನಂತರ ನಮ್ಮಲ್ಲಿ ಕಡವೆಯ ಬೇಟೆಯು ನಿಷಿದ್ಧವಾಯಿತು. ಕಾಲಕ್ರಮದಲ್ಲಿ ಉದುರಿದ ಕೊಂಬಿನ ವ್ಯಾಪಾರವೂ ನಿಂತಿತು. ಉದುರಿದುದು ಯಾವುದು, ಕೊಂದು ತೆಗೆದುದು ಯಾವುದು ಎಂದು ಮಾರುಕಟ್ಟೆಯಲ್ಲಿ ವಿಂಗಡಿಸುವುದು ಸುಲಭವಲ್ಲವಷ್ಟೆ. ಕಡವೆಯ ಕೊಂಬು ದೊರೆಯದೆಡೆಯಲ್ಲಿ ಚೂರಿಗಾರರು ದನದ ಎಲುಬಿನ ಮೇಲೆ ಗೆರೆಗಳನ್ನು ಕೆತ್ತಿ, ಕಂದು ಬಣ್ಣವನ್ನು ಹಚ್ಚಿ, ಅದೇ ರೂಪವನ್ನು ತರುತ್ತಾರೆ.