ದಶಲಕ್ಷಣ ಪರ್ವ: ಅಡುಗೆಮನೆಯ ಪೂರ್ವಸಿದ್ಧತೆ

ಭಾದ್ರಪದ ಶುಕ್ಲ ಪಂಚಮಿಯಿಂದ ಚತುರ್ದಶಿಯವರೆಗೆ ದಿಗಂಬರ ಜೈನರು ಆಚರಿಸುವ ದಶಲಕ್ಷಣ ಪರ್ವದ 10 ದಿನಗಳಲ್ಲಿ ಬಸದಿಯಷ್ಟೇ ಗಮನ ಬೇಡುವ ಜಾಗ ಅಡುಗೆಮನೆ. ಏಕಭುಕ್ತ ಮಾಡುವವರು, ಉಪವಾಸ ಇರುವವರು, ಶಾಲೆಗೆ ಹೋಗುವ ಮಕ್ಕಳು, ಔಷಧಿ ತೆಗೆದುಕೊಳ್ಳುವ ಹಿರಿಯರು, ಎಲ್ಲರಿಗೂ ಒಂದೇ ಒಲೆ. ಮಳೆಗಾಲದ ತೇವದಿಂದ ಧಾನ್ಯದಲ್ಲಿ ಹುಳು, ಹಿಟ್ಟಿನಲ್ಲಿ ಬೂಷ್ಟು ಹೆಚ್ಚುವ ಕಾಲವೂ ಇದೇ. ಪಂಚಮಿಯ ಹಿಂದಿನ ದಿನವೇ ಗಣೇಶ ಚತುರ್ಥಿ ಬರುವುದರಿಂದ ಆ ವಾರ ಮಾರುಕಟ್ಟೆಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಸಿದ್ಧತೆ ಶ್ರಾವಣದ ಕೊನೆಯ ವಾರದಲ್ಲೇ ಆರಂಭವಾದರೆ ಒಳ್ಳೆಯದು.

ಮೊದಲು ಧಾನ್ಯದ ಡಬ್ಬಿಗಳು. ಅಕ್ಕಿ, ಗೋಧಿ, ಬೇಳೆಗಳನ್ನು ಹಗಲು ಬೆಳಕಿನಲ್ಲಿ ಮೊರಕ್ಕೆ ಹಾಕಿ ಕೈಯಾಡಿಸಿ ನೋಡಬೇಕು. ಹುಳು ಕಂಡ ಕೂಡಲೇ ಬಿಸಿಲಿಗೆ ಹರಡುವುದು ಅನೇಕ ಮನೆಗಳ ಅಭ್ಯಾಸ. ಆದರೆ ಹುಳುಗಳು ಬಿಸಿಲಿನಲ್ಲಿ ಸಾಯುತ್ತವೆ. ಅಹಿಂಸೆಗಾಗಿ ಮಾಡುವ ಶುದ್ಧಿಯೇ ಹಿಂಸೆಯಾಗುತ್ತದೆ. ಜರಡಿಯಿಂದ ಬೇರ್ಪಟ್ಟ ಹುಳುಗಳನ್ನು ಒಂದು ಹಿಡಿ ಅದೇ ಧಾನ್ಯದೊಂದಿಗೆ ನೆರಳಿನ, ಒಣ ಜಾಗದಲ್ಲಿ, ಯಾರೂ ತುಳಿಯದ ಕಡೆ ಬಿಡಬೇಕು. ಕಸದ ಬುಟ್ಟಿಗೋ ಸಿಂಕಿಗೋ ಸುರಿಯಬಾರದು. ಬಿಸಿಲಿಗೆ ಹಾಕುವ ಕೆಲಸವೇನಿದ್ದರೂ ಹುಳು ಬೀಳುವ ಮೊದಲು, ಏಪ್ರಿಲ್-ಮೇ ತಿಂಗಳಲ್ಲಿ ಮುಗಿಯಬೇಕು. ಆಗ ಚೆನ್ನಾಗಿ ಒಣಗಿಸಿ, ಬಿಸಿ ಆರಿದ ಮೇಲೆ ಒಣ ಬೇವಿನ ಎಲೆಯೊಂದಿಗೆ ಬಿಗಿ ಮುಚ್ಚಳದ ಡಬ್ಬಿಗೆ ತುಂಬುವುದು, ತೊಗರಿಬೇಳೆಗೆ ಹರಳೆಣ್ಣೆ ಸವರುವುದು ಹಳೆಯ ಉಪಾಯಗಳು. ಅಷ್ಟು ಮಾಡಲಾಗದ ನಗರದ ಮನೆಗಳು ಮಳೆಗಾಲದಲ್ಲಿ 15 ದಿನಕ್ಕಾಗುವಷ್ಟೇ ಕೊಂಡರೆ ಸಾಕು.

ಹಿಟ್ಟಿನ ವಿಷಯದಲ್ಲಿ ಲೆಕ್ಕ ಇನ್ನೂ ಬಿಗಿ. ರೂಢಿಯಲ್ಲಿರುವ ಮರ್ಯಾದೆಯಂತೆ ಬೀಸಿದ ಹಿಟ್ಟು ಚಳಿಗಾಲದಲ್ಲಿ 7 ದಿನ, ಬೇಸಿಗೆಯಲ್ಲಿ 5 ದಿನ, ಮಳೆಗಾಲದಲ್ಲಿ 3 ದಿನ ಮಾತ್ರ ಬಳಕೆಗೆ ಯೋಗ್ಯ. ಮಸಾಲೆ ಪುಡಿಗಳಿಗೂ ಇದೇ ಲೆಕ್ಕ. ಬೇಸಿಗೆಯಲ್ಲಿ ವರ್ಷಕ್ಕಾಗುವಷ್ಟು ಸಾರಿನ ಪುಡಿ, ಖಾರದ ಪುಡಿ ಮಾಡಿಡುವ ಕನ್ನಡದ ಮನೆಗಳಿಗೆ ಇದು ನಿಜಕ್ಕೂ ಕಷ್ಟದ ನಿಯಮ. ಕೊತ್ತಂಬರಿ ಬೀಜ, ಮೆಣಸು, ಜೀರಿಗೆಗಳನ್ನು ಮೊದಲೇ ಆರಿಸಿ ಬೇರೆ ಬೇರೆ ಡಬ್ಬಿಯಲ್ಲಿಟ್ಟರೆ 3 ದಿನಕ್ಕೊಮ್ಮೆ ಮಿಕ್ಸಿಯಲ್ಲಿ ಪುಡಿ ಮಾಡುವುದು ಹತ್ತು ನಿಮಿಷದ ಕೆಲಸ. ಊರಿನ ಗಿರಣಿಯಲ್ಲಿ ಹಿಂದಿನವರ ಹಿಟ್ಟು ಉಳಿದಿರುತ್ತದೆ. ಮನೆಯಲ್ಲಿ ಬೀಸುವ ಅನುಕೂಲ ಇದ್ದವರು ಅದನ್ನೇ ಬಳಸುತ್ತಾರೆ. ಡಬ್ಬಿಯ ಮೇಲೆ ಬೀಸಿದ ದಿನಾಂಕ ಬರೆದ ಚೀಟಿ ಅಂಟಿಸಿದರೆ ಯಾರೂ ನೆನಪಿನ ಮೇಲೆ ನಡೆಯಬೇಕಾಗಿಲ್ಲ.

ಈರುಳ್ಳಿ, ಬೆಳ್ಳುಳ್ಳಿ, ಆಲೂಗಡ್ಡೆ, ಮೂಲಂಗಿ, ಕ್ಯಾರೆಟ್, ಹಸಿ ಶುಂಠಿಯಂಥ ಅನಂತಕಾಯಗಳು ಮನೆಯಲ್ಲಿದ್ದರೆ ಅಡುಗೆಮನೆಯಿಂದ ಹೊರಗೆ ಹೋಗಬೇಕು. ಒಣ ಶುಂಠಿ, ಒಣ ಅರಿಶಿನಕ್ಕೆ ಅಡ್ಡಿಯಿಲ್ಲ. ಇವು ಎಲ್ಲರಿಗೂ ಗೊತ್ತಿರುವ ಸಂಗತಿ. ತಪ್ಪು ಆಗುವುದು ದ್ವಿದಳದಲ್ಲಿ. ಬೇಳೆಕಾಳಿನೊಂದಿಗೆ ಹಸಿ ಮೊಸರು, ಮಜ್ಜಿಗೆ ಸೇರಬಾರದೆಂದು ಮೊಸರು ವಡೆ ಬಿಟ್ಟವರೂ ಮೊಸರನ್ನದ ಒಗ್ಗರಣೆಗೆ ಉದ್ದಿನಬೇಳೆ, ಕಡಲೆಬೇಳೆ ಹಾಕಿಬಿಡುತ್ತಾರೆ! ಮಜ್ಜಿಗೆಹುಳಿಗೆ ರುಬ್ಬುವ ಕಡಲೆಬೇಳೆಯೂ ಹಾಗೆಯೇ. ತೆಂಗಿನಕಾಯಿ, ಜೀರಿಗೆ, ಹಸಿಮೆಣಸಿನಕಾಯಿ ಮಾತ್ರ ರುಬ್ಬಿದ ಸೌತೆಕಾಯಿ ತಂಬುಳಿಯಲ್ಲಿ ಈ ತೊಡಕಿಲ್ಲ.

ನೀರು ಸೋಸಲು ಬೆಳಕು ಹಾಯದಷ್ಟು ದಪ್ಪನೆಯ ಹೊಸ ಹತ್ತಿ ಬಟ್ಟೆ ಬೇಕು. ಅದನ್ನು ಎರಡು ಮಡಿಕೆ ಮಾಡಿ ಬಳಸಬೇಕು. ಸೋಸಿದ ನೀರಿನ ಮರ್ಯಾದೆ 48 ನಿಮಿಷ, ಲವಂಗ ಮುಂತಾದವುಗಳಿಂದ ಪ್ರಾಸುಕ ಮಾಡಿದರೆ 6 ಗಂಟೆ, ಚೆನ್ನಾಗಿ ಕುದಿಸಿದರೆ 24 ಗಂಟೆ. ಬಟ್ಟೆಯಲ್ಲಿ ಉಳಿದ ಜೀವಗಳನ್ನು ಸೋಸಿದ ನೀರಿನಿಂದಲೇ ತೊಳೆದು, ತಂದ ಮೂಲಕ್ಕೇ ಮೆಲ್ಲಗೆ ಮರಳಿಸಬೇಕು. ಬಾವಿ ಇದ್ದವರಿಗೆ ಇದು ಸುಲಭ. ಸಂಪಿನಿಂದ ನೀರು ತೆಗೆಯುವವರು ಸಂಪಿಗೇ ಮರಳಿಸಬಹುದು. ಕೊಳವೆ ಬಾವಿಯ ನೀರು ನೇರವಾಗಿ ನಲ್ಲಿಗೆ ಬರುವ ಮನೆಗಳಲ್ಲಿ ಆ ದಾರಿಯಿಲ್ಲದ ಕಾರಣ ಕೆಲವರು ಪರ್ವದ ದಿನಗಳಿಗೆ ಬಸದಿಯ ಬಾವಿಯಿಂದ ನೀರು ತರುತ್ತಾರೆ. ಆರ್‌ಒ ಯಂತ್ರ ನೀರನ್ನು ಆರೋಗ್ಯಕ್ಕೆ ಹಿತವಾಗಿಸಬಹುದು, ಆದರೆ ಜೀವಗಳನ್ನು ಮೂಲಕ್ಕೆ ಮರಳಿಸುವುದಿಲ್ಲ. ಸೋಸುವ ಬಟ್ಟೆಗೆ ಅದು ಬದಲಿ ಅಲ್ಲ.

ಪಾತ್ರೆ, ಒಲೆ, ಫ್ರಿಜ್ ಶುಚಿಗೆ ಹೆಚ್ಚಿನ ವಿವರಣೆ ಬೇಕಿಲ್ಲ. ಸ್ಟವ್ ಹಚ್ಚುವ ಮೊದಲು ಬರ್ನರ್ ಸುತ್ತ ಮೃದು ಬಟ್ಟೆಯಿಂದ ಒರೆಸಿ ಇರುವೆಗಳಿಲ್ಲವೆಂದು ಖಚಿತಪಡಿಸಿಕೊಂಡರೆ ಆಯಿತು.

ಸಮಯದ ಲೆಕ್ಕವನ್ನು ಮಾತ್ರ ಮನೆಮಂದಿಯೆಲ್ಲ ಕೂತು ಮಾಡಬೇಕು. ಸೆಪ್ಟೆಂಬರ್ ಮಧ್ಯದಲ್ಲಿ ಬೆಂಗಳೂರಿನಲ್ಲಿ ಸೂರ್ಯಾಸ್ತ ಸಂಜೆ 6.20ರ ಆಸುಪಾಸು. ಅಷ್ಟರೊಳಗೆ ಊಟ ಮುಗಿಯಬೇಕಾದರೆ 5 ಗಂಟೆಗೆ ಅಡುಗೆ ಸಿದ್ಧವಿರಬೇಕು. ತರಕಾರಿಯನ್ನು ಹಿಂದಿನ ರಾತ್ರಿಯೇ ಹೆಚ್ಚಿಡುವಂತೆಯೂ ಇಲ್ಲ. ಬೆಳಿಗ್ಗೆ ಪೂಜೆ, ಮಧ್ಯಾಹ್ನ ಪ್ರವಚನ ಎಂದು ಮನೆಯವರೆಲ್ಲ ಬಸದಿಗೆ ಹೊರಟಾಗ ಮನೆಯ ಹೆಣ್ಣುಮಕ್ಕಳೇ ಒಲೆಯ ಮುಂದೆ ಉಳಿಯುವುದು ಅನೇಕ ಕಡೆ ಕಾಣುವ ಸಂಗತಿ. ಅವರಿಗೂ ಪರ್ವ ಇದೆ. ಧಾನ್ಯ ಆರಿಸುವುದು, ನೀರು ಸೋಸುವುದು, ಹಿಟ್ಟು ಬೀಸುವುದು ಗಂಡಸರು, ಮಕ್ಕಳು ಹಂಚಿಕೊಳ್ಳಬಹುದಾದ ಕೆಲಸಗಳೇ.

ಚತುರ್ದಶಿಯ ಉಪವಾಸದ ಮರುದಿನದ ಪಾರಣೆಗೂ ಸಾಮಾನು ಎತ್ತಿಟ್ಟಿರಬೇಕು. ಹೆಸರುಬೇಳೆ ಕಟ್ಟು, ತೆಳು ಗಂಜಿ, ಕಾಯಿಸಿದ ಹಾಲು ಸಾಕು. ಸಕ್ಕರೆ ಕಾಯಿಲೆಗೆ ಔಷಧಿ ತೆಗೆದುಕೊಳ್ಳುವವರು ಉಪವಾಸಕ್ಕೆ ಮೊದಲೇ ವೈದ್ಯರನ್ನು ಕೇಳಿ, ಅವರು ಹೇಳಿದ ಊಟದ ಹೊತ್ತನ್ನು ಅಡುಗೆ ಮಾಡುವವರಿಗೆ ತಿಳಿಸಿರಬೇಕು.